ಸರ್ವೇ ಮೇಡಂಗೆ ಎತ್ತಿಟ್ಟ ತತ್ತಿ

ನಾಗಸಂದ್ರದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕದಲ್ಲಿ ಮನೆ ಓನರಮ್ಮ ಪಿಳ್ಳಮ್ಮ, ಅವರ ಬಾಡಿಗೆಯವಳು ದಾನೇಶ್ವರಿ ಕೂತಿದ್ದರು. ದಾನೇಶ್ವರಿ ಕೊಪ್ಪಳದ ಕಡೆಯ ತವರಿಗೆ ಹೋಗಿ ಬಂದಿದ್ದಳು.

“ಊರಾಗೆ ಏನಮ್ಮ ಸುದ್ದಿ?” ಪಿಳ್ಳಮ್ಮ ಕೇಳಿದರು.

“ಸರ್ವೇ ಮೇಡಂ ಬಂದಿದ್ರು. ರೈತರ ಮನ್ಯಾಗ ಏನ್ ಉಣ್ತಾರ ಅಂತ ಬರಕೊಳ್ಳಾಕ. ಮೊದಲ ದಿನ ಅವ್ವ ಅವರಿಗೆ ಊಟಕ್ಕ ಹಾಕಿದ್ಲು. ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಮೊಸರು, ಎರಡು ತತ್ತಿ.”

“ದಿನಾ ಮೊಸರು, ಮೊಟ್ಟೆ ಅಷ್ಟೆಲ್ಲ ತಿಂತೀರಾ?”

“ಎಲ್ಲೀದ್ರೀ! ನಮಗ ರೊಟ್ಟಿ, ಖಾರ. ಹಾಲು, ತತ್ತಿ ಮಾರಾಕ.”

“ಆಮ್ಯಾಕೆ?”

“ಮರುದಿನ ಮೇಡಂ ಬಂದು, ನಿನ್ನೆ ಏನ್ ಉಂಡ್ರಿ ಅಂತ ಕೇಳಿದ್ರು.”

“ರೊಟ್ಟಿ, ಖಾರ ಅನ್ಬೇಕಿತ್ತು.”

“ಹೆಂಗ ಅನ್ನೋದ್ರಿ? ಚಲೋದೆಲ್ಲಾ ನೀವ ಉಂಡ್ರಿ ಅಂದಂಗ ಆಗ್ತೈತಿ. ನೀವ್ ಉಂಡದ್ದ ನಾವೂ ಉಂಡ್ವಿ ಅಂದ್ಲು ಅವ್ವ.”

“ಬರ್ಕೊಂಡ್ರಾ?”

“ಎಲ್ಲಾದಕ್ಕೂ ಟಿಕ್ ಹಾಕಿದ್ರು. ಚಲೋ ಉಣ್ಣೋ ಮನಿ ಅಂತ, ಬಸುರಿ ತಂಗಿಗೆ ಬರಬೇಕಿದ್ದ ಪೌಷ್ಟಿಕ ಕಿಟ್ ಬರಲಿಲ್ಲ.”

“ಇನ್ನೊಂದ್ಸಲ ಬಂದಾಗ ನಿಜ ಯೋಳ್ಲಿ ಕಣಮ್ಮ.”

“ಮುಂದಿನ ವಾರ ಬರ್ತಾರಂತ. ಅವ್ವ ಈಗ್ಲೇ ನಾಕು ತತ್ತಿ ಎತ್ತಿಟ್ಟಾಳ.”

“ನಿನ್ ತಂಗಿಗಾ?”

“ಇಲ್ರೀ, ಮೇಡಂಗ.”

ಬಸ್ಸು ಬಂತು. ಇಬ್ಬರೂ ಹತ್ತಿದರು.