ಪಂಡಿತ ಕೊಟ್ಟ ತುಪ್ಪ

ಆದೋನಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಲಿಂಗವಂತರ ಮನೆಯ ಇಬ್ಬರು ಹೆಂಗಸರು ನಿಂತಿದ್ದರು. ಹಿರಿಯಳು ತಮ್ಮನ ಹೆಂಡತಿಯ ಕೈಯಿಂದ ಔಷಧಿ ತುಪ್ಪದ ಸೀಸೆ ಕಸಿದು ಮೂಸಿದಳು. ಅವಳ ದನಿ ದೊಡ್ಡದು, ಕಿವಿ ಮುಚ್ಚಿಕೊಳ್ಳಲು ನನಗೇನು ಬಂದಿತ್ತು?

“ಗಾದಿಲಿಂಗಮ್ಮ, ಇದರಾಗ ಏನು ಹಾಕ್ಯಾನ ಆ ಪಂಡಿತ?”

“ನರಕ್ಕ ಬಲ ಬರೂ ಬೇರು, ಅಕ್ಕಾ.”

“ಬೇರಿಗೆ ಕುರಿ ವಾಸನಿ ಇರತೈತೇನು?”

“ನರಕ್ಕ ಮಜ್ಜೇನ ಆಹಾರ ಅಂದ್ರು. ಮುಂದ ನಾ ಕೇಳಲಿಲ್ಲ.”

“ಎಲುಬಿನ ಮಜ್ಜೆ ತಿನ್ನಿಸಿ ನನ್ನ ತಮ್ಮನ್ನ ಕೆಡಿಸಿದಿ.”

“ಪೂಜಿಗೆ ಕುಂತ್ರ ನಿಮ್ಮ ತಮ್ಮನ ಅಂಗೈಯಾಗ ಲಿಂಗ ನಿಲ್ಲತಿದ್ದಿಲ್ಲ, ಅಷ್ಟು ನಡುಗತಿತ್ತು. ಈಗ ನಿಲ್ಲತೈತಿ.”

“ಅವಗ ಗೊತ್ತೈತೇನು?”

“ಗೊತ್ತಾದ್ರ ತುಪ್ಪ ಮುಟ್ಟಂಗಿಲ್ಲ.”

ಬಸ್ ಬಂತು. ಹಿರಿಯಳು ಸೀಸೆಯನ್ನು ಎಸೆದೇಬಿಡುತ್ತಾಳೆ ಎಂದುಕೊಂಡೆ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ಅವ ಕೇಳಿದ್ರ, ಅಕ್ಕ ಮನ್ಯಾಗ ಕಾಸಿದ್ದು ಅನ್ನು,” ಎಂದು ಬಸ್ ಹತ್ತಿದಳು.