ಬಂಕಿನಲ್ಲಿ ಬಂದ್ ಮಾಡಿದ ಜೀಪು

ಬೈಲಹೊಂಗಲದ ಪೆಟ್ರೋಲ್ ಬಂಕಿನ ಸರದಿಯಲ್ಲಿ ಗಂಗಾಳ ಸ್ಕೂಟಿಯ ಮುಂದೆ ಹಳೇ ಜೀಪೊಂದಿತ್ತು. ಅದರಲ್ಲಿ ಸ್ಟಿಯರಿಂಗ್ ಹಿಡಿದ ತನ್ನ ಮಗಳ ಪಕ್ಕದಲ್ಲಿ ನಿಜಗುಣಪ್ಪ ಕುಂತಿದ್ದ.

"ಬಂದ್ ಮಾಡಬ್ಯಾಡವಾ, ಮತ್ತ ಚಾಲೂ ಆಗೂದಿಲ್ಲ."

"ಅಪ್ಪಾ, ಹಳೇ ಕಾರ್ಬೊರೇಟರ್ ತಗದು ಪೆಟ್ರೋಲ್ ಇಂಜೆಕ್ಷನ್ ಕೂಡಿಸೇನಿ, ಈಗ ಚಾಲೂ ಆಗತೈತಿ."

"ಏನವು ಅಷ್ಟೊಂದು ವಾಯರ್?"

"ಸೆನ್ಸರಿನವು. ಎಂಜಿನ್ ಎಷ್ಟು ಕಾದೈತಿ ನೋಡಿ, ಬೇಕಾದಷ್ಟ ಪೆಟ್ರೋಲ್ ಬಿಡಸತಾವು."

"ನಿಮ್ಮವ್ವ ಇದನ್ನ ನೂಕಿ ನೂಕಿ ಸಾಕಾಗಿ ಬಸ್ಸಿಗೆ ಅಡ್ಡಾಡಾಕ ಹತ್ಯಾಳ."

"ಇವತ್ತ ಬಸ್ ಸ್ಟ್ಯಾಂಡಿಂದ ಜೀಪಿನಾಗ ಕರಕೊಂಡು ಹೋಗೂಣು."

"ಅಕ್ಕಾರ, ಗಾಡಿ ಬಂದ್ ಮಾಡ್ರಿ," ಎಂದ ಬಂಕಿನವ.

ಮಗಳು ಬಂದ್ ಮಾಡಿದಳು. ಪೆಟ್ರೋಲ್ ತುಂಬುವಷ್ಟರಲ್ಲಿ ನಿಜಗುಣಪ್ಪ ಮೆಲ್ಲಗೆ ಇಳಿದು, ಧೋತರ ಮೇಲೆ ಕಟ್ಟಿ, ಜೀಪಿನ ಹಿಂದೆ ಕೈ ಕೊಟ್ಟು ನಿಂತ. ತಾನೂ ನೂಕಲೆಂದು ಗಂಗಾ ಸ್ಕೂಟಿಗೆ ಸ್ಟ್ಯಾಂಡ್ ಹಾಕಿದಳು. ಮಗಳು ಕೀಲಿ ತಿರುವಿದ್ದೇ ತಡ, ಎಂಜಿನ್ ಚಾಲೂ ಆಯಿತು.

"ಅಪ್ಪಾ, ಹಿಂದ ಏನ್ ಮಾಡಾಕತ್ತಿ? ಅವ್ವ ಕಾಯತಿರತಾಳ!"

"ತಡಿಯವಾ, ನನ್ನ ಬಿಟ್ಟು ಹೋಗಬ್ಯಾಡ!" ಎಂದು ನಗುತ್ತಲೇ ಓಡಿ ಹತ್ತಿದ.