ಕೊನೆಯವರ ಹಿಂದೆ ಬಂದವನು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಇಷ್ಟು ಹೊತ್ತು ನನ್ನ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದ ಮುಖ್ಯ ಅತಿಥಿಗಳೇ, ಆಸ್ಪತ್ರೆಯ ವೈದ್ಯರೇ, ದಾದಿಯರೇ, ನನ್ನ ಜೊತೆ ಸೈಕಲ್ ತುಳಿದವರೇ, ತುಳಿಯದೆ ಜಾಣತನ ಮೆರೆದವರೇ, ಮತ್ತು ಕಾರ್ಯಕ್ರಮ ಬೇಗ ಮುಗಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುವ ಸಭಿಕರೇ,

ನಾನು ನಿಮ್ಮ ಕಡೆಯವನು. ನನಗೂ ಬೇಗ ಮನೆಗೆ ಹೋಗಬೇಕಾಗಿದೆ. ನಮ್ಮ ಕೆಳಗಿನ ಮನೆಯಲ್ಲಿ ಔಷಧಿ ಅಂಗಡಿ ನಡೆಸುವಾಕೆ ಇವತ್ತು ಅಂಗಡಿಯನ್ನು ಮಗಳ ಕೈಗೆ ಒಪ್ಪಿಸಿ, ಮೇಲೆ ಬಂದು ನನ್ನ ಹೆಂಡತಿಯ ಪಕ್ಕ ಕೂತಿದ್ದಾರೆ. ಅಂಗಡಿ ಮುಚ್ಚುವ ಹೊತ್ತಿಗೆ ಅವರು ಕೆಳಗೆ ಇಳಿಯಲೇಬೇಕು. ಆದ್ದರಿಂದ ನಾನು ಆಗಾಗ ಗೋಡೆಯ ಗಡಿಯಾರದ ಕಡೆ ಕಣ್ಣು ಹಾಯಿಸಿದರೆ ದಯವಿಟ್ಟು ಅದನ್ನು ಅಹಂಕಾರ ಎಂದುಕೊಳ್ಳಬೇಡಿ.

ನಾನು ಭಾಷಣಕಾರನಲ್ಲ. ಲಿಫ್ಟ್ ರಿಪೇರಿ ಮಾಡುವವನು. ಈ ಸಭಾಂಗಣದ ಲಿಫ್ಟನ್ನು ನೋಡಿಕೊಳ್ಳುವುದೂ ನಾನೇ. ಅದು ಮೇಲಿನ ಮಹಡಿಗೆ ಬಂದಾಗ ಒಂದು ಸಲ ಕುಲುಕುತ್ತದೆ ಎಂಬುದು ನನಗೆ ಗೊತ್ತಿದೆ. ಇವತ್ತೊಂದು ದಿನ ಅದರ ದೂರು ಹೇಳಬೇಡಿ. ಜೀವಮಾನವೆಲ್ಲಾ ಮೇಲೆ ಕೆಳಗೆ, ಮೇಲೆ ಕೆಳಗೆ ಓಡಾಡಿದವನು ನಾನು. ಮುಂದಕ್ಕೆ ಅಂತ ಹೋದದ್ದು ಈ ಸೈಕಲ್ ಸವಾರಿಯಲ್ಲೇ ಮೊದಲು.

ಸವಾರಿ ಯಾಕೆ ಮಾಡಿದೆವು ಎಂಬುದು ನಿಮಗೆಲ್ಲ ಗೊತ್ತು. ನಡೆಯಲಾಗದವರನ್ನು ಗಾಲಿಕುರ್ಚಿ ಸಮೇತ ಆಸ್ಪತ್ರೆಗೆ ಕರೆತರುವ ಒಂದು ವ್ಯಾನು ಬೇಕಿತ್ತು. ನಮ್ಮ ಊರಿನಿಂದ ಕಡಲ ದಂಡೆಯವರೆಗೆ ಮೂರು ದಿನ ಸೈಕಲ್ ತುಳಿಯುವುದು, ನಮ್ಮ ಬೆವರನ್ನು ನೋಡಿ ಜನ ಕೈಲಾದದ್ದು ಕೊಡುವುದು. ಜನ ಕೊಟ್ಟರು. ವ್ಯಾನು ಬಂದಿದೆ, ಹೊರಗೆ ನಿಂತಿದೆ, ನೀವೆಲ್ಲ ಒಳಗೆ ಬರುವಾಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರಿ. ಬಹಳ ಸಂತೋಷ.

ಈಗ ಅಧ್ಯಕ್ಷರು ಹೇಳಿದ ಒಂದು ಮಾತಿಗೆ ಬರುತ್ತೇನೆ. ನಾನು ಛಲ ಬಿಡದ ವೀರನಂತೆ. ಎಲ್ಲರೂ ಗುರಿ ಮುಟ್ಟಿ, ಸ್ವಾಗತದ ಕಮಾನು ಬಿಚ್ಚಿ, ಬ್ಯಾಂಡಿನವರೂ ಹೊರಟುಹೋದ ಮೇಲೆ, ಕಾಲುಗಳು ಸೋತರೂ ಮನಸ್ಸು ಸೋಲದೆ, ಒಬ್ಬಂಟಿಯಾಗಿ ಕತ್ತಲಲ್ಲಿ ಕಡಲ ದಂಡೆ ತಲುಪಿದೆನಂತೆ. ಸಭಿಕರೇ, ಕೇಳುವಾಗ ನನಗೇ ಮೈ ಜುಮ್ಮೆಂದಿತು. ಆದರೆ ಅದರಲ್ಲಿ ಕತ್ತಲು ಎಂಬುದೊಂದೇ ನಿಜ. ಕಾಲು ಸೋತಿರಲಿಲ್ಲ. ಒಬ್ಬಂಟಿಯೂ ಆಗಿರಲಿಲ್ಲ. ಮನಸ್ಸಿನ ವಿಷಯ ಮುಂದೆ ಹೇಳುತ್ತೇನೆ.

ಮೊದಲನೆಯದಾಗಿ, ಹೆಸರು ಕೊಟ್ಟದ್ದು ನಾನಲ್ಲ. ನನ್ನ ಹೆಂಡತಿ. ಅವಳದು ನರಗಳ ಕಾಯಿಲೆ, ವರ್ಷಗಳ ಹಿಂದೆ ಬಂದದ್ದು. ಮೊದಲು ಕಾಲು ಹೋಯಿತು, ಆಮೇಲೆ ಕೈ. ಬಾಯಿಗೆ ಏನೂ ಆಗಿಲ್ಲ ಎಂಬುದನ್ನು ನಮ್ಮ ಬೀದಿಯವರು ಯಾರು ಬೇಕಾದರೂ ಹೇಳುತ್ತಾರೆ. ಪತ್ರಿಕೆಯಲ್ಲಿ ನಿಮ್ಮ ಪ್ರಕಟಣೆಯನ್ನು ನಾನೇ ಅವಳಿಗೆ ಓದಿ ಹೇಳಿದ್ದು. ನಾನು ಕೆಲಸಕ್ಕೆ ಹೋದಾಗ ಅವಳು ಔಷಧಿ ಅಂಗಡಿಯಾಕೆಯನ್ನು ಕೂಗಿ ಕರೆಸಿ, ಫೋನನ್ನು ಕಿವಿಗೆ ಹಿಡಿಸಿಕೊಂಡು, ನನ್ನ ಹೆಸರು ಬರೆಸಿಬಿಟ್ಟಳು. ತನ್ನ ತಂಗಿಗೂ ಫೋನು ಮಾಡಿ ರಜೆ ಹಾಕಿ ಬಾ ಎಂದಳು. ಸಂಜೆ ನಾನು ರೇಗಾಡಿದೆ. ನಿನ್ನನ್ನು ಬಿಟ್ಟು ಹೇಗೆ ಹೋಗಲಿ ಎಂದೆ. ಅವಳು, "ಕನ್ನಡಿ ನೋಡ್ಕೊಂಡಿದ್ದೀರಾ? ನನಗಿಂತ ನೀವೇ ರೋಗಿ ಥರ ಕಾಣ್ತೀರಿ. ಹೋಗಿ ಬನ್ನಿ" ಎಂದಳು.

ಹಳೆಯ ಸೈಕಲ್ ಇತ್ತು. ನಮ್ಮ ಸೈಕಲ್ ಅಂಗಡಿಯ ಯಜಮಾನರು, ಅಲ್ಲಿ ಎರಡನೇ ಸಾಲಿನಲ್ಲಿ ಮೀಸೆ ತೀಡುತ್ತಾ ಕೂತಿದ್ದಾರೆ, ಅದಕ್ಕೆ ಜೀವ ಕೊಟ್ಟರು. ಸವಾರಿಯ ಏರ್ಪಾಡೆಲ್ಲ ಅವರದೇ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹಿಂಗಾವಲಿಗೆ ಹಾಕಿದರು. ಇಲ್ಲಿ ಸೈಕಲ್ ತುಳಿಯದ ಜಾಣರಿಗಾಗಿ ವಿವರಿಸುತ್ತೇನೆ. ಇಂಥ ಸವಾರಿಯಲ್ಲಿ ಒಬ್ಬನು ಎಲ್ಲರಿಗಿಂತ ಹಿಂದೆ ಇರಬೇಕು. ಯಾರು ಕೊನೆಯವರೋ ಅವರ ಹಿಂದೆ. ಅವರು ನಿಂತರೆ ನಿಲ್ಲಬೇಕು, ನಡೆದರೆ ನಡೆಯಬೇಕು, ಎಂದೂ ದಾಟಬಾರದು. ಇನ್ನೂ ಒಂದು ನಿಯಮವಿದೆ. ನಾನು ನಿಮ್ಮ ಕಾವಲಿಗೆ ಬಂದವನು ಎಂದು ಅವರಿಗೆ ಹೇಳಬಾರದು. ಹೇಳಿದರೆ, ಅಯ್ಯೋ ನನ್ನಿಂದ ಇನ್ನೊಬ್ಬರಿಗೆ ತೊಂದರೆ ಅಂತ ನೊಂದುಕೊಂಡು ಅರ್ಧದಲ್ಲೇ ನಮ್ಮ ಸಾಮಾನು ಹೊತ್ತು ಬರುವ ಲಾರಿ ಹತ್ತಿಬಿಡುತ್ತಾರೆ. ಇಷ್ಟು ಜನರಲ್ಲಿ ನಾನೇ ಯಾಕೆ ಎಂದು ಕೇಳಿದ್ದಕ್ಕೆ ಯಜಮಾನರು ಅಂದರು: "ನಿಮಗೆ ಕಾಯೋದು ಅಭ್ಯಾಸ ಇದೆಯಲ್ಲ ಸಾರ್."

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾನೂ ನಕ್ಕೆ. ಆದರೆ ಆ ಮಾತು ಮೊದಲ ದಿನವೆಲ್ಲ ನನ್ನ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತುಕೊಂಡೇ ಬಂತು.

ಎರಡು ದಿನ ಬೇರೆ ಬೇರೆಯವರು ಕೊನೆಯಲ್ಲಿದ್ದರು. ಮೂರನೆಯ ದಿನ ಲೆಕ್ಕದ ಮೇಡಂ. ನಿವೃತ್ತರಾದ ಮೇಲೂ ಅವರು ಎದುರಿಗೆ ಬಂದರೆ ಈ ಊರಿನ ಅರ್ಧ ಜನ ಬೀದಿ ದಾಟಿಕೊಂಡು ಹೋಗುತ್ತಾರೆ. ನಗಬೇಡಿ, ಅವರು ಇಲ್ಲೇ ಇದ್ದಾರೆ, ನಕ್ಕವರ ಮುಖ ಗುರುತು ಹಾಕಿಕೊಳ್ಳುತ್ತಾರೆ. ಅವತ್ತು ಮೇಡಂ ಬಹಳ ನಿಧಾನವಾಗಿ ಹೋಗುತ್ತಿದ್ದರು. ನಾನು ಅವರಿಗಿಂತ ನಿಧಾನ. ಅವರು ಆಗಾಗ ತಿರುಗಿ ನೋಡುತ್ತಿದ್ದರು. ಪಾಪ, ಸುಸ್ತಾಗಿದೆ, ಹೇಳಿಕೊಳ್ಳಲು ನಾಚಿಕೆ ಅಂದುಕೊಂಡು ನಾನು ಇನ್ನಷ್ಟು ಹಿಂದೆ ಉಳಿಯುತ್ತಿದ್ದೆ. ಅವರು ಇನ್ನಷ್ಟು ನಿಧಾನ ಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಡೆದುಕೊಂಡೇ ಹಿಂದೆ ಹಾಕಿ ಹೋದಳು. ಹೋಗುವಾಗ ಇಬ್ಬರನ್ನೂ ಒಮ್ಮೆ ತಿರುಗಿ ನೋಡಿದಳು.

ಕೊನೆಗೆ ಹೆದ್ದಾರಿಯ ಪೆಟ್ರೋಲ್ ಬಂಕ್ ಒಂದರ ಮುಂದೆ ಮೇಡಂ ಸೈಕಲ್ ನಿಲ್ಲಿಸಿದರು. ನಿಯಮದ ಪ್ರಕಾರ ನಾನೂ ನಿಲ್ಲಿಸಿದೆ. ಅಲ್ಲಿ ಒಂದು ಸಿಮೆಂಟ್ ಬೆಂಚು, ಪಕ್ಕದಲ್ಲಿ ಚಹಾದ ಗೂಡಂಗಡಿ. ಅವರು ಎರಡು ಚಹಾ ಹೇಳಿ, ಒಂದನ್ನು ನನ್ನ ಕೈಗಿಟ್ಟು, ತರಗತಿಯ ದಡ್ಡ ಹುಡುಗನಿಗೆ ಹೇಳುವಷ್ಟು ಮೆತ್ತಗೆ ಹೇಳಿದರು.

"ಸುಧಾರಿಸಿಕೊಳ್ಳಿ. ನಾಚಿಕೆ ಪಟ್ಕೋಬೇಡಿ. ನೀವು ಒಬ್ಬರೇ ಹಿಂದೆ ಉಳೀತೀರಲ್ಲ ಅಂತ ನಾನೂ ಬೆಳಗ್ಗೆಯಿಂದ ನಿಧಾನವಾಗೇ ಹೊಡೀತಾ ಇದ್ದೀನಿ."

ನಾನು ಚಹಾ ಕುಡಿಯುವುದನ್ನು ಬಿಟ್ಟು ಅವರ ಮುಖ ನೋಡಿದೆ. ನಿಯಮವನ್ನು ಪಕ್ಕಕ್ಕಿಟ್ಟು ನಿಜ ಹೇಳಿದೆ. ಮೇಡಂ, ನಾನೂ ನಿಮಗೋಸ್ಕರವೇ ನಿಧಾನವಾಗಿ ಬರುತ್ತಿದ್ದೇನೆ ಎಂದೆ. ಸಭಿಕರೇ, ಅವರು ನಗುವುದನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ನೋಡಿದೆ. ಲೋಟದಿಂದ ಚಹಾ ಚೆಲ್ಲುವಷ್ಟು ನಕ್ಕರು. ಇಬ್ಬರೂ ಗಟ್ಟಿಮುಟ್ಟಾಗಿದ್ದೆವು. ಒಬ್ಬರ ಮೇಲೊಬ್ಬರು ಕನಿಕರ ಪಟ್ಟುಕೊಂಡು ಇಡೀ ದಿನ ಬಿಸಿಲಲ್ಲಿ ತೆವಳಿದ್ದೆವು.

ನಕ್ಕು ಮುಗಿಸಿ ಅವರು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಸಾಮಾನ್ಯ ಪ್ರಶ್ನೆ. ನಾನು ಉತ್ತರ ಕೊಡಲು ಶುರು ಮಾಡಿದವನು ನಿಲ್ಲಿಸಲಿಲ್ಲ. ಬೆಳಗ್ಗೆ ಎದ್ದು ಮೈ ಒರೆಸುವುದು, ಬಟ್ಟೆ ಬದಲಿಸುವುದು, ತುತ್ತು ಮಾಡಿ ತಿನ್ನಿಸುವುದು, ಎರಡು ಕಟ್ಟಡಗಳ ಲಿಫ್ಟ್ ನೋಡಿ ಮನೆಗೆ ಓಡುವುದು, ನೀರು ಕುಡಿಸಿ ಮತ್ತೆ ಕೆಲಸಕ್ಕೆ ಓಡುವುದು. ಬೆನ್ನಿಗೆ ಹುಣ್ಣಾಗದಂತೆ ರಾತ್ರಿಯೆಲ್ಲ ಅವಳನ್ನು ಆ ಮಗ್ಗುಲು ಈ ಮಗ್ಗುಲು ತಿರುಗಿಸುವುದು. ಒಂದು ಕಿವಿ ಯಾವಾಗಲೂ ಎಚ್ಚರವಾಗಿರಬೇಕು. ಇದನ್ನೆಲ್ಲ ನಾನು ಯಾರ ಮುಂದೆಯೂ ಹೇಳಿದವನಲ್ಲ. ಯಾರಾದರೂ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇವೆ ಅನ್ನುತ್ತೇನೆ. ಇವತ್ತು ಬಾಗಿಲಲ್ಲಿ ನಿಮ್ಮಲ್ಲಿ ಎಷ್ಟೋ ಜನ ಕೇಳಿದಿರಿ, ನಾನು ಅದನ್ನೇ ಅಂದೆ.

ಹೇಳುತ್ತಾ ಹೇಳುತ್ತಾ ನನಗೆ ನಿದ್ದೆ ಬಂತು. ಹೌದು, ಕೂತ ಬೆಂಚಿನ ಮೇಲೆಯೇ. ಲಾರಿಗಳು ಹಾರನ್ ಹೊಡೆಯುತ್ತಿದ್ದವು, ಪಕ್ಕದಲ್ಲಿ ಯಾರೋ ಟೈರಿಗೆ ಗಾಳಿ ತುಂಬಿಸುತ್ತಿದ್ದರು, ನಾನು ಕೊರಡಿನ ಹಾಗೆ ಮಲಗಿಬಿಟ್ಟೆ. ಮೇಡಂ ತಮ್ಮ ಚೀಲವನ್ನು ನನ್ನ ತಲೆಯ ಕೆಳಗಿಟ್ಟು ಕಾವಲು ಕೂತರು. ಯಜಮಾನರು ಎಲ್ಲಿದ್ದೀರಿ ಎಂದು ಫೋನು ಮಾಡಿದಾಗಲೆಲ್ಲ ಅವರು ಪಂಕ್ಚರ್ ಆಗಿದೆ ಎಂದರಂತೆ. ಯಾವುದು ಪಂಕ್ಚರ್ ಆಗಿದೆ ಎಂದು ಹೇಳಲಿಲ್ಲ, ಅಷ್ಟೇ. ಇದು ನಿಮ್ಮ ವೀರನ ಕಥೆ, ಅಧ್ಯಕ್ಷರೇ. ಉಳಿದವರು ಕಡಲಿನ ದಂಡೆಯಲ್ಲಿ ಚಪ್ಪಾಳೆ ಹೊಡೆಸಿಕೊಳ್ಳುವಾಗ ಅವನು ಪೆಟ್ರೋಲ್ ಬಂಕಿನಲ್ಲಿ ಗೊರಕೆ ಹೊಡೆಯುತ್ತಿದ್ದ.

ಎಚ್ಚರವಾದಾಗ ಬೆಳಕು ಇಳಿಯುತ್ತಿತ್ತು. ಯಾರೂ ನನ್ನನ್ನು ಕೂಗಿರಲಿಲ್ಲ. ಆಕಾಶ ನೋಡುತ್ತಾ ಹಾಗೇ ಬಿದ್ದುಕೊಂಡಿದ್ದೆ. ಒಂದು ಗಳಿಗೆ, ಒಂದೇ ಒಂದು ಗಳಿಗೆ, ನನಗೆ ಹೆಂಡತಿ ಇದ್ದಾಳೆ ಎಂಬುದೇ ನೆನಪಿರಲಿಲ್ಲ. ಎಷ್ಟು ಹಗುರವಾಗಿತ್ತು ಎಂದು ಹೇಗೆ ಹೇಳಲಿ. ಆಮೇಲೆ ನೆನಪಾಯಿತು. ಎದೆಯ ಮೇಲೆ ಯಾರೋ ಕೂತ ಹಾಗೆ ನೆನಪಾಯಿತು. ನಾನು ಅವಳನ್ನು ಬಹಳ ಪ್ರೀತಿಸುತ್ತೇನೆ, ಸಭಿಕರೇ. ಎರಡೂ ನಿಜ.

ಇದನ್ನು ಇಲ್ಲಿ ಹೇಳಬೇಕೆಂದು ಬಂದವನಲ್ಲ. ಮೈಕು ಸಿಕ್ಕಿದರೆ ಹೀಗೇ ಆಗುತ್ತದೆ. ಅಧ್ಯಕ್ಷರು ನೀರು ಕುಡಿಯುತ್ತಿದ್ದಾರೆ, ನನಗೆ ಸೂಚನೆ ಅರ್ಥವಾಯಿತು. ಇನ್ನು ಸ್ವಲ್ಪವೇ ಇದೆ.

ಅವತ್ತು ಕತ್ತಲಾದ ಮೇಲೆ ಮೇಡಂ ಜೊತೆ ಕಡಲ ದಂಡೆ ಮುಟ್ಟಿ, ಆಮೇಲೆ ಮನೆಗೆ ವಾಪಸು ಬಂದೆ. ಮೆಟ್ಟಿಲಲ್ಲೇ ನಗು ಕೇಳಿಸಿತು. ನನ್ನ ಹೆಂಡತಿಯ ನಗು. ಅಕ್ಕ ತಂಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಂದರೆ ತಂಗಿ ಇಬ್ಬರ ಹೊಟ್ಟೆಯನ್ನೂ ಹಿಡಿದುಕೊಂಡಿದ್ದಳು. ನಾನು ಬಾಗಿಲಾಚೆ ಚೀಲ ಹಿಡಿದು ನಿಂತೆ. ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ನನ್ನ ಜೊತೆ ಹೀಗೆ ನಕ್ಕು ಎಷ್ಟು ಕಾಲವಾಯಿತು? ನಾನು ಎಷ್ಟು ಕಾಲದಿಂದ ಅವಳಿಗೆ ನಗುವ ಮಾತು ಆಡಿಲ್ಲ? ಮಾತ್ರೆ ನುಂಗು, ಬಾಯಿ ತೆರೆ, ಈ ಕಡೆ ತಿರುಗು. ನಮ್ಮ ಸಂಸಾರದ ಮಾತು ಅಷ್ಟಕ್ಕೆ ಬಂದು ನಿಂತಿತ್ತು.

ಒಳಗೆ ಹೋದರೆ ಮಂಚ ಕಿಟಕಿಯ ಹತ್ತಿರ ಸರಿದಿತ್ತು. ನಾನು ಅದನ್ನು ಒಳಗೋಡೆಗೆ ಹಾಕಿದ್ದೆ. ಬಚ್ಚಲು ಅಲ್ಲಿಗೆ ಹತ್ತಿರ, ನನಗೆ ಎತ್ತಿಕೊಂಡು ಹೋಗಲು ಅನುಕೂಲ. ಅವಳಿಗೆ ಅಲ್ಲಿಂದ ಕಾಣಿಸುತ್ತಿದ್ದದ್ದು ಬೀರುವಿನ ಬಾಗಿಲು ಮಾತ್ರ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿಮಗೆ ದೂರ ಆಗುತ್ತೆ, ಮೊದಲೇ ದಣಿದಿರ್ತೀರಿ ಎಂದಳು. ನಾನು ದಣಿವು ಮುಚ್ಚಿಟ್ಟುಕೊಂಡದ್ದು ಅವಳಿಗಾಗಿ, ಅವಳು ಬೀರು ನೋಡಿಕೊಂಡು ಮಲಗಿದ್ದು ನನಗಾಗಿ. ಮೇಡಂ, ಆಗ ನಿಮ್ಮ ಚೆಲ್ಲಿದ ಚಹಾ ನೆನಪಾಯಿತು, ಆದರೆ ನಗು ಬರಲಿಲ್ಲ.

ಆಮೇಲೆ ಅವಳು ನನ್ನ ಮುಖ ನೋಡಿ, "ಒಳ್ಳೇ ಕಳೆ ಬಂದಿದೆ. ನಿಮಗೆ ನನ್ನಿಂದ ರಜೆ ಸಿಕ್ತು, ನನಗೂ ನಿಮ್ಮಿಂದ ರಜೆ ಸಿಕ್ತು ಕಣ್ರೀ. ಇನ್ನೊಂದು ಸಲ ಯಾವಾಗ ಹೋಗ್ತೀರಿ?" ಎಂದಳು.

ತಂಗಿ ಬಟ್ಟೆ ಜೋಡಿಸುತ್ತಿದ್ದಳು. ಅವಳಿಗೂ ಕೆಲಸ, ಮನೆ, ಮಕ್ಕಳು. ಅವಳು ಹೋದಳು. ಮಂಚ ಕಿಟಕಿಯ ಹತ್ತಿರವೇ ಇದೆ. ಬಚ್ಚಲು ದೂರವಾಗಿದೆ. ನನ್ನ ಸೊಂಟ ಅದನ್ನು ಪ್ರತಿದಿನ ಹೇಳುತ್ತದೆ.

ಮುಂದಿನ ವರ್ಷದ ಸವಾರಿಗೆ ನಾನೇ ನಾಯಕ ಎಂದು ಅಧ್ಯಕ್ಷರು ಘೋಷಿಸಿದ್ದಾರೆ. ನೀವು ಚಪ್ಪಾಳೆ ತಟ್ಟಿದಿರಿ. ಯಜಮಾನರು ಈ ವಿಷಯವನ್ನು ಮೊದಲೇ ನನ್ನ ಕಿವಿಗೆ ಹಾಕಿದ್ದರು. ನನ್ನಿಂದ ಸಾಧ್ಯವಿಲ್ಲ, ಕ್ಷಮಿಸಿ ಎಂದು ಹೇಳಿ ಇಳಿಯುವುದು ನನ್ನ ಯೋಚನೆಯಾಗಿತ್ತು. ಇವತ್ತು ಮನೆಯಿಂದ ಹೊರಡುವ ಮೊದಲು ಹೆಂಡತಿಗೆ ಅದನ್ನೇ ಪಾಠದಂತೆ ಒಪ್ಪಿಸಿದೆ. ಅವಳು, "ಬೇಡ ಅನ್ನೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಅಷ್ಟು ಜನ ಕೂತಿರ್ತಾರೆ. ಬಾಯಿ ಬಿಟ್ಟು ಕೇಳಿ" ಎಂದಳು. ಏನು ಕೇಳಲಿ ಎಂದೆ. "ನನ್ನ ಹತ್ರ ಬಂದು ಕೂತ್ಕೊಳ್ಳೋಕೆ ಯಾರಾದ್ರೂ ಬರ್ತಾರಾ ಅಂತ ಕೇಳಿ" ಎಂದಳು.

ಆದ್ದರಿಂದ ಕೇಳುತ್ತಿದ್ದೇನೆ. ವ್ಯಾನು ಬಂತು, ದೊಡ್ಡ ಉಪಕಾರ. ಅದು ಅವಳನ್ನು ಆಸ್ಪತ್ರೆಗೆ ಒಯ್ಯುತ್ತದೆ, ವಾಪಸು ತಂದು ಬಿಡುತ್ತದೆ. ಆಮೇಲೆ ಮನೆಯ ಬಾಗಿಲು ಮುಚ್ಚುತ್ತದೆ. ಬಾಗಿಲು ಮುಚ್ಚಿದ ಮೇಲಿನ ಹೊತ್ತಿನ ಬಗ್ಗೆ ನಾನು ಮಾತಾಡುತ್ತಿರುವುದು. ನನ್ನ ಮನೆಯೊಂದೇ ಅಲ್ಲ, ಆ ವ್ಯಾನು ಹೋಗಿ ನಿಲ್ಲುವ ಪ್ರತಿಯೊಂದು ಮನೆಯಲ್ಲೂ ನನ್ನಂಥವನೊಬ್ಬ, ನನ್ನಂಥವಳೊಬ್ಬಳು ಚೆನ್ನಾಗಿದ್ದೇವೆ ಎನ್ನುತ್ತಾ ನಿಂತಿರುತ್ತಾರೆ.

ಸೈಕಲ್ ಹೊಡೆಯಲು ಬರಬೇಕಿಲ್ಲ. ಭಾನುವಾರ ಮಧ್ಯಾಹ್ನ ಬಂದು ಒಂದಿಷ್ಟು ಹೊತ್ತು ಕೂರಬೇಕು. ಕನಿಕರ ತರಬೇಡಿ, ಅವಳಿಗೆ ಆಗುವುದಿಲ್ಲ. ಅವಳು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವಳು, ನೀವು ಪತ್ರಿಕೆ ಓದಿ ಹೇಳಿದರೆ ನಿಮ್ಮ ಉಚ್ಚಾರಣೆಯನ್ನೂ ತಿದ್ದುತ್ತಾಳೆ. ಇಸ್ಪೀಟು ಆಡುತ್ತಾಳೆ. ಅವಳ ಕೈಗೆ ಎಲೆ ಹಿಡಿಯಲು ಆಗುವುದಿಲ್ಲ, ಅವಳ ಎಲೆಗಳನ್ನೂ ನೀವೇ ಹಿಡಿದುಕೊಳ್ಳಬೇಕು. ಅವಳ ಹತ್ತಿರ ಏನಿದೆ ಎಂಬುದೆಲ್ಲ ನಿಮಗೆ ಕಾಣುತ್ತಿರುತ್ತದೆ. ಆದರೂ ನೀವೇ ಸೋಲುತ್ತೀರಿ.

ಈಗಲೇ ಯಾರೂ ಕೈ ಎತ್ತಬೇಡಿ. ಎತ್ತಿದರೆ ನಾನು ಇಲ್ಲೇ ಅತ್ತುಬಿಡುತ್ತೇನೆ. ಎತ್ತದಿದ್ದರೂ ಅದೇ ಆಗುತ್ತದೆ. ಮನೆ ಔಷಧಿ ಅಂಗಡಿಯ ಮೇಲಿನದು, ಬಾಗಿಲು ಒಳಗಿನಿಂದ ಹಾಕಿರುವುದಿಲ್ಲ.

ಅಂಗಡಿ ಮುಚ್ಚುವ ಹೊತ್ತಾಯಿತು. ಕೊನೆಯಲ್ಲಿ ವಂದನೆ ಹೇಳುವುದು ಪದ್ಧತಿ. ಅಧ್ಯಕ್ಷರಿಗೆ, ಅತಿಥಿಗಳಿಗೆ, ಯಜಮಾನರಿಗೆ, ಮೇಡಂಗೆ ವಂದನೆಗಳು. ಇನ್ನೊಬ್ಬರಿಗೆ ಹೇಳಬೇಕಾಗಿದೆ, ಅವರು ಯಾರೆಂದು ನನಗಿನ್ನೂ ಗೊತ್ತಿಲ್ಲ. ಈ ಭಾನುವಾರ ನಮ್ಮ ಮೆಟ್ಟಿಲು ಹತ್ತಿ ಬರುವವರೇ, ನೀವು ಬಂದಾಗ ನಾನು ಬಹುಶಃ ಮಲಗಿರುತ್ತೇನೆ, ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ನಿಮಗೆ ವಂದನೆಗಳು. ನಮಸ್ಕಾರ.